ಟ್ರ್ಯಾಕ್ಟರಿನ ನಡು ಬಿಚ್ಚುವ ಕಥೆ

ಸವೆದ ಕ್ಲಚ್ ತಟ್ಟೆಯೊಂದನ್ನು ಬದಲಿಸಲು ಇಡೀ ಟ್ರ್ಯಾಕ್ಟರನ್ನೇ ನಡುವೆ ಇಬ್ಭಾಗ ಮಾಡಬೇಕೇಕೆ? ಇದರ ಉತ್ತರವನ್ನು 1917ರ ಅಮೆರಿಕದ ಡಿಯರ್‌ಬಾರ್ನ್‌ನಲ್ಲಿ ಹುಡುಕಬೇಕು. ಅಲ್ಲಿಯವರೆಗಿನ ಬಹುತೇಕ ಟ್ರ್ಯಾಕ್ಟರುಗಳಿಗೆ ಉಕ್ಕಿನ ಚೌಕಟ್ಟು ಆಧಾರವಾಗಿತ್ತು. ಹೆನ್ರಿ ಫೋರ್ಡ್ ತಯಾರಿಸಿದ ಫೋರ್ಡ್‌ಸನ್‌ನಲ್ಲಿ ಆ ಚೌಕಟ್ಟೇ ಇರಲಿಲ್ಲ. ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್‌ಗಳ ಎರಕದ ಕವಚಗಳನ್ನೇ ಬೋಲ್ಟುಗಳಿಂದ ಒಂದಕ್ಕೊಂದು ಬಿಗಿದು ಬೆನ್ನೆಲುಬಾಗಿಸಲಾಯಿತು. ಉಕ್ಕು ಉಳಿಯಿತು, ತೂಕ ಇಳಿಯಿತು. 1922ರಲ್ಲಿ ಬೆಲೆ 395 ಡಾಲರಿಗೆ ಇಳಿದು, ಸಣ್ಣ ಹಿಡುವಳಿಯ ರೈತನೂ ಯಂತ್ರದ ಆಸೆ ಪಡುವಂತಾಯಿತು.

ಆದರೆ ಆ ಉಳಿತಾಯದ ಹೊರೆ ಮೆಕ್ಯಾನಿಕನ ಹೆಗಲಿಗೆ ಬಿದ್ದಿತು. ಫ್ಲೈವೀಲೂ ಕ್ಲಚ್ಚೂ ಈ ಬೆನ್ನೆಲುಬಿನ ಒಳಗೇ ಅಡಗಿವೆ. ಮುಂದಿನ ಆಕ್ಸಲ್ ನಡುವಿನ ಒಂದೇ ಪಿನ್ನಿನ ಮೇಲೆ ಓಲಾಡುವುದರಿಂದ, ಮೊದಲು ಅದರ ಇಕ್ಕೆಲಗಳಲ್ಲಿ ಮರದ ಬೆಣೆ ಬಡಿಯದಿದ್ದರೆ ಬೇರ್ಪಟ್ಟ ಎಂಜಿನ್ ಪಕ್ಕಕ್ಕೆ ವಾಲಿ ಜೀವವನ್ನೇ ತೆಗೆಯಬಲ್ಲದು. ಇಂದಿನ ಬಹುಪಾಲು ಸಣ್ಣ ಟ್ರ್ಯಾಕ್ಟರುಗಳದೂ ಇದೇ ಮೈಕಟ್ಟು. ಆದುದರಿಂದಲೇ ಅನುಭವಿಗಳು ಒಮ್ಮೆ ಬಿಚ್ಚಿದ ಮೇಲೆ ತಟ್ಟೆಯನ್ನಷ್ಟೇ ಬದಲಿಸಿ ಮುಚ್ಚುವುದಿಲ್ಲ; ಫ್ಲೈವೀಲಿನ ಮೈ, ಬೇರಿಂಗು, ಆಯಿಲ್ ಸೀಲುಗಳನ್ನೂ ಪರೀಕ್ಷಿಸುತ್ತಾರೆ. ಅಗ್ಗದ ಸೀಲೊಂದು ಸೋರಿದರೂ ಮತ್ತೆ ನಡು ಬಿಚ್ಚಬೇಕಲ್ಲ!