ಡೆಸ್ಕ್‌ಟಾಪ್ ಗಣಕಯಂತ್ರದಲ್ಲಿ ಹೆಡ್‌ಫೋನ್ ಧ್ವನಿದೋಷ

ಡೆಸ್ಕ್‌ಟಾಪ್ ಗಣಕಯಂತ್ರಕ್ಕೆ ಜೋಡಿಸಿದ ಹೆಡ್‌ಫೋನಿನಲ್ಲಿ ಧ್ವನಿ ಬಾರದಿರುವುದು, ಒಂದೇ ಕಿವಿಗೆ ಕೇಳಿಸುವುದು ಅಥವಾ ವಿಕೃತವಾಗಿ ಕೇಳಿಸುವುದು ಸಾಮಾನ್ಯ ದೋಷಗಳಾಗಿವೆ. ಪರದೆಯ ಬರಹವನ್ನು ಕನ್ನಡದಲ್ಲಿಯೂ ಓದಿ ಹೇಳಬಲ್ಲ ಎನ್‌ವಿಡಿಎ ತಂತ್ರಾಂಶವನ್ನು ಅವಲಂಬಿಸಿದ ಅಂಧ ವಿದ್ಯಾರ್ಥಿಗೆ ಧ್ವನಿ ನಿಂತರೆ ಗಣಕಯಂತ್ರವೇ ನಿಂತಂತೆ.

ದೋಷವು ಹಲವು ವೇಳೆ ಹೆಡ್‌ಫೋನಿನಲ್ಲಿ ಇರುವುದಿಲ್ಲ. ಅದನ್ನು ಮೊದಲು ಮೊಬೈಲಿಗೆ ಜೋಡಿಸಿ ಪರೀಕ್ಷಿಸಬೇಕು. ಅಲ್ಲಿ ಸರಿಯಾಗಿ ಕೇಳಿಸಿದರೆ, ಗಣಕಯಂತ್ರದ ಹಿಂಬದಿಯ ಹಸಿರು ರಂಧ್ರಕ್ಕೆ ಸಿಕ್ಕಿಸಿ ನೋಡಬೇಕು. ಗುಲಾಬಿ ಬಣ್ಣದ್ದು ಮೈಕಿಗೆ ಮೀಸಲು. ಹಿಂದೆ ಧ್ವನಿ ಬಂದು ಮುಂದೆ ಬಾರದಿದ್ದರೆ, ಮುಂಬದಿಯ ರಂಧ್ರದಿಂದ ಮದರ್‌ಬೋರ್ಡಿಗೆ ಹೋಗುವ ತಂತಿ ಕಳಚಿರುವ ಸಂಭವವಿದೆ. ಎಚ್‌ಡಿಎಂಐ ಮೂಲಕ ಮಾನಿಟರ್ ಜೋಡಿಸಿದಾಗ ವಿಂಡೋಸ್ ಧ್ವನಿಯನ್ನು ಅದಕ್ಕೇ ಕಳುಹಿಸುವುದುಂಟು. ಆಗ ಟಾಸ್ಕ್‌ಬಾರಿನ ಸ್ಪೀಕರ್ ಚಿಹ್ನೆಯಿಂದ ಹೆಡ್‌ಫೋನನ್ನು ಮರಳಿ ಆಯ್ಕೆ ಮಾಡಬೇಕು.

ವಾದ್ಯಗಳು ಕೇಳಿಸಿ ಗಾಯಕರ ಕಂಠ ಮಾತ್ರ ಮಾಯವಾಗುವುದು ವಿಚಿತ್ರವಾದರೂ ಸರಳ ದೋಷ. 3.5 ಮಿ.ಮೀ. ಪ್ಲಗ್ಗಿನ ತುದಿ ಎಡಕಿವಿಗೂ ನಡುವಿನ ಉಂಗುರ ಬಲಕಿವಿಗೂ ಸಂಕೇತ ಒಯ್ಯುತ್ತವೆ. ಬುಡದ ಭಾಗ ಎರಡಕ್ಕೂ ಸಾಮಾನ್ಯವಾದ ಗ್ರೌಂಡ್. ಪ್ಲಗ್ ಪೂರ್ತಿ ಒಳಹೋಗದೆ ಗ್ರೌಂಡ್ ಸಂಪರ್ಕ ತಪ್ಪಿದರೆ ಎಡ-ಬಲ ಸಂಕೇತಗಳ ವ್ಯತ್ಯಾಸವಷ್ಟೇ ಕೇಳಿಸುತ್ತದೆ. ಎರಡರಲ್ಲೂ ಸಮನಾಗಿ ಮುದ್ರಿತವಾದ ಕಂಠ ಅಳಿಸಿಹೋಗುತ್ತದೆ. ಪ್ಲಗ್ಗನ್ನು ಒತ್ತಿ ಕೂರಿಸಿದರೆ ಸಾಮಾನ್ಯವಾಗಿ ಸಾಕು. ರಂಧ್ರದಲ್ಲಿ ಧೂಳು ಕಟ್ಟಿದ್ದರೆ ಯಂತ್ರವನ್ನು ಆರಿಸಿ ಶುಚಿಗೊಳಿಸಬೇಕು.