ಮೆರ್ಲೋ ಹೆಸರಿನಲ್ಲಿ ಬೆಳೆದ ಕಾರ್ಮನೇರ್: ಚಿಲಿಯ ಮಿಶ್ರ ಕೆಂಪು ವೈನಿನ ಹಿನ್ನೆಲೆ

ಚಿಲಿಯ ಕೊಲ್ಚಾಗುವಾ ಕಣಿವೆಯಲ್ಲಿ ತಯಾರಾಗುವ ‘ಕ್ಲೋ ಅಪಾಲ್ಟಾ’ದ 2005ರ ಸುಗ್ಗಿಯ ವೈನನ್ನು ಅಮೆರಿಕದ ‘ವೈನ್ ಸ್ಪೆಕ್ಟೇಟರ್’ ಪತ್ರಿಕೆ 2008ರಲ್ಲಿ ವರ್ಷದ ವೈನ್ ಎಂದು ಆರಿಸಿತು. ಹಲವು ತಳಿಗಳ ಈ ಮಿಶ್ರಣದಲ್ಲಿ ಕಾರ್ಮನೇರ್ ದ್ರಾಕ್ಷಿಯದೇ ದೊಡ್ಡ ಪಾಲು. 1990ರ ದಶಕದ ಫ್ರೆಂಚ್ ಬಂಡವಾಳ ಮತ್ತು ತಜ್ಞರಿಂದಲೇ ಇಂಥ ವೈನ್ ಹುಟ್ಟಿತೆಂದು ಹೇಳುವುದು ರೂಢಿ. ನನ್ನ ದೃಷ್ಟಿಯಲ್ಲಿ ಅದು ಅರ್ಧ ಸತ್ಯ. ಚಿಲಿಯಲ್ಲಿ ತಳಿಗಳು ಪೀಪಾಯಿಯಲ್ಲಿ ಬೆರೆಯುವುದಕ್ಕೆ ಬಹಳ ಮೊದಲೇ ತೋಟದ ಸಾಲುಗಳಲ್ಲಿ ಬೆರೆತಿದ್ದವು.

ಸ್ಪೇನಿನ ಪಾದ್ರಿಗಳು 16ನೇ ಶತಮಾನದಲ್ಲಿ ಪಾಯಿಸ್ ಎಂಬ ಸಾಧಾರಣ ಕೆಂಪು ತಳಿಯನ್ನು ಚಿಲಿಗೆ ತಂದಿದ್ದರು. 19ನೇ ಶತಮಾನದ ನಡುವೆ ಶ್ರೀಮಂತ ಭೂಮಾಲೀಕರ ಒಲವು ಫ್ರಾನ್ಸಿನತ್ತ ತಿರುಗಿತು. 1851ರಲ್ಲಿ ಸಿಲ್ವೆಸ್ಟ್ರೆ ಒಚಾಗಾವಿಯಾ ಫ್ರೆಂಚ್ ಬಳ್ಳಿಗಳನ್ನು ತರಿಸಿದ್ದು ಇದರ ಪ್ರಸಿದ್ಧ ಉದಾಹರಣೆ. ಬೋರ್ಡೋ ಸೀಮೆಯ ಕಾಬರ್ನೆ ಸೊವಿನ್ಯೋನ್, ಮೆರ್ಲೋ, ಕಾರ್ಮನೇರ್‌ಗಳ ತುಂಡುಗಳು ಹೀಗೆ ಕಡಲು ದಾಟಿದವು. 1860ರ ದಶಕದಿಂದ ಫಿಲಾಕ್ಸೆರಾ ಎಂಬ ಬೇರುಹೇನು ಫ್ರಾನ್ಸಿನ ತೋಟಗಳನ್ನು ನಾಶಮಾಡಿತು. ಅಲ್ಲಿ ಅಮೆರಿಕದ ಬೇರಿಗೆ ಕಸಿ ಕಟ್ಟಿ ಮತ್ತೆ ತೋಟ ಎಬ್ಬಿಸುವಾಗ ಕಾರ್ಮನೇರನ್ನು ಬಹುತೇಕ ಕೈಬಿಟ್ಟರು. ಹೂ ಉದುರಿ ಕಾಯಿ ಸರಿಯಾಗಿ ಕಚ್ಚದ, ತಡವಾಗಿ ಹಣ್ಣಾಗುವ ತಳಿ ಯಾರಿಗೆ ಬೇಕು? ಆ ಹೇನು ಕಾಲಿಡದ ಚಿಲಿಯಲ್ಲಿ ಮಾತ್ರ ಹಳೆಯ ಬಳ್ಳಿಗಳು ತಮ್ಮ ಸ್ವಂತ ಬೇರಿನ ಮೇಲೆಯೇ ಉಳಿದುಕೊಂಡವು. ಆದರೆ ಉಳಿದದ್ದು ಮೆರ್ಲೋ ಎಂಬ ಹೆಸರಿನಲ್ಲಿ.

ಎರಡೂ ಒಂದೇ ತೋಟದಲ್ಲಿದ್ದವು, ಒಂದೇ ದಿನ ಕೊಯ್ಲಾಗುತ್ತಿದ್ದವು. ಕಾರ್ಮನೇರ್ ಹದಕ್ಕೆ ಬರಲು ಮೆರ್ಲೋಗಿಂತ ಮೂರು–ನಾಲ್ಕು ವಾರ ಹೆಚ್ಚು ಬೇಕು. ಬೇಗ ಕೊಯ್ದರೆ ಅದರ ರಸಕ್ಕೆ ಹಸಿ ದೊಣ್ಣೆಮೆಣಸಿನಕಾಯಿಯ ವಾಸನೆ. ಚಿಲಿಯ ಮೆರ್ಲೋ ಬೇರೆ ದೇಶದ ಮೆರ್ಲೋದಂತಿಲ್ಲವೆಂಬ ಮಾತಿಗೆ ಮುಖ್ಯ ಕಾರಣ ಇದೇ. ಬೆಳೆಗಾರರು ತಮಗೇ ಗೊತ್ತಿಲ್ಲದೆ ಮಿಶ್ರ ವೈನ್ ಮಾಡುತ್ತಿದ್ದರು.

1994ರ ನವೆಂಬರ್ 24ರಂದು ಫ್ರೆಂಚ್ ದ್ರಾಕ್ಷಿತಜ್ಞ ಜಾನ್-ಮಿಷೆಲ್ ಬೂರ್ಸಿಕೋ ಮಾಯ್ಪೋ ಕಣಿವೆಯ ವಿನ್ಯಾ ಕಾರ್ಮೆನ್ ತೋಟಕ್ಕೆ ಭೇಟಿಕೊಟ್ಟರು. ದಕ್ಷಿಣಾರ್ಧಗೋಳದಲ್ಲಿ ಅದು ಬಳ್ಳಿ ಹೂಬಿಡುವ ಕಾಲ. ಮೆರ್ಲೋ ಎಂದು ಬೆಳೆಸಿದ್ದ ಬಳ್ಳಿಯ ಪುಟ್ಟ ಹೂವುಗಳಲ್ಲಿ ಕೇಸರಗಳು ನೆಟ್ಟಗಿರದೆ ತಿರುಚಿಕೊಂಡಿದ್ದವು. ಅದು ಕಾರ್ಮನೇರ್‌ನ ಗುರುತು. ಎಳೆ ಎಲೆಯ ಅಡಿಭಾಗ ಕೆಂಪಾಡುವುದೂ ಇದರಲ್ಲಿಯೇ. ಮೆರ್ಲೋದಲ್ಲಿ ಅದು ಬಿಳಿ. ಬೂರ್ಸಿಕೋ ಹಣ್ಣಿನ ಕಾಲದಲ್ಲಿ ಬಂದಿದ್ದರೆ ಹೂವಿನ ಈ ಸಾಕ್ಷ್ಯ ಸಿಗುತ್ತಿರಲಿಲ್ಲ. ಸರ್ಕಾರ ಈ ತಳಿಗೆ ಅಧಿಕೃತ ಮನ್ನಣೆ ಕೊಡಲು ಮತ್ತೆ ಕೆಲವು ವರ್ಷ ಹಿಡಿಯಿತು.

ಗುರುತು ಸಿಕ್ಕ ಮೇಲೆ ಸಾಲುಗಳನ್ನು ಬೇರೆಬೇರೆಯಾಗಿ ಕೊಯ್ಯುವುದು ಸಾಧ್ಯವಾಯಿತು. ತೋಟದಲ್ಲಿ ಅರಿವಿಲ್ಲದೆ ಆಗಿದ್ದ ಬೆರಕೆ ವೈನರಿಯಲ್ಲಿ ಉದ್ದೇಶಪೂರ್ವಕ ಮಿಶ್ರಣವಾಯಿತು. ಅದೇ 1994ರಲ್ಲಿ ಶುರುವಾದ ಲಾಪೊಸ್ಟೋಲ್ ಸಂಸ್ಥೆ, ಫ್ರೆಂಚ್ ವೈನ್ ತಜ್ಞ ಮಿಷೆಲ್ ರೋಲಾನ್ ಅವರ ಸಲಹೆಯೊಂದಿಗೆ 1997ರ ಸುಗ್ಗಿಯಿಂದ ಮೊದಲ ಕ್ಲೋ ಅಪಾಲ್ಟಾ ತಯಾರಿಸಿತು. ಕಾರ್ಮನೇರ್‌ನ ಮೆತ್ತನೆಯ ಮೈಗೆ ಕಾಬರ್ನೆ ಸೊವಿನ್ಯೋನ್ ಬಿಗಿ ಕೊಡುತ್ತದೆ.

ಸಾಂತಾ ಕ್ರೂಸ್ ಪಟ್ಟಣದ ಬಳಿಯ ಅಪಾಲ್ಟಾ, ತಿಂಗಿರಿರಿಕಾ ನದಿಯ ಮಗ್ಗುಲಲ್ಲಿ ಕುದುರೆಲಾಳದಂತೆ ಬೆಟ್ಟ ಸುತ್ತುವರಿದ ನೆಲ. ಇಳಿಜಾರು ದಕ್ಷಿಣಕ್ಕೆ ಮುಖಮಾಡಿದೆ. ಭೂಮಧ್ಯರೇಖೆಯ ಆಚೆ ದಕ್ಷಿಣವೇ ತಂಪಿನ ದಿಕ್ಕು, ಹಾಗಾಗಿ ಬಿಸಿಲಿನ ಹೊಡೆತ ಕಡಿಮೆ. ಪೆಸಿಫಿಕ್ ಕಡೆಯ ತಂಗಾಳಿ ಬೇರೆ. ಮಳೆಯಿಲ್ಲದ ದೀರ್ಘ ಬೇಸಿಗೆಯಲ್ಲಿ ಕಾರ್ಮನೇರ್ ಏಪ್ರಿಲ್ ಕೊನೆಯವರೆಗೂ ಬಳ್ಳಿಯಲ್ಲೇ ಕಾಯಬಲ್ಲದು. ಬೋರ್ಡೋದ ಒದ್ದೆ ಶರತ್ಕಾಲದಲ್ಲಿ ಇದು ಕಷ್ಟವಿತ್ತು.

ನೆರೆಯ ಮೊಂಟೆಸ್ ಸಂಸ್ಥೆ ಇನ್ನೂ ಮುಂದೆ ಹೋಯಿತು. ಅದರ ‘ಪರ್ಪಲ್ ಏಂಜೆಲ್’ ವೈನಿನಲ್ಲಿ ಮೆರ್ಲೋ ಹನಿಯೂ ಇಲ್ಲ. ಬಹುಪಾಲು ಕಾರ್ಮನೇರ್, ಜೊತೆಗೆ ಒಂದಿಷ್ಟು ಪೆಟಿ ವರ್ಡೋ.