ಆಂಬುಲೆನ್ಸ್ ಬರೋ ಮೊದಲು

ಯುಗಾದಿ ಜಾತ್ರೆ ಬಂತಂದ್ರೆ ಕೊಳ್ಳೇಗಾಲ, ಹನೂರು, ಕೌದಳ್ಳಿ ದಾಟಿ ಮಾದಪ್ಪನ ಬೆಟ್ಟಕ್ಕೆ ಸಾವಿರಾರು ಜನ ನಡೀತಾರೆ. ಆಗಿನ ಬಿಸಿಲು ಎಂಥದ್ದು ಅಂತ ಅಜ್ಜೀಪುರದ ಸೀಮೆಯವರಿಗೆ ನಾನು ಹೇಳಬೇಕಿಲ್ಲ. ದಾರೀಲಿ ಮಜ್ಜಿಗೆ, ಪಾನಕ ಕೊಡೋ ಪುಣ್ಯಾತ್ಮರಿದ್ದಾರೆ. ಆದರೆ ಯಾತ್ರಿಯೊಬ್ಬರು ಮಾತು ತೊದಲಿ, ಮೈ ಕೆಂಡವಾಗಿ ಕುಸಿದರೆ ಮಜ್ಜಿಗೆ ಕೆಲಸಕ್ಕೆ ಬರಲ್ಲ. ಪ್ರಜ್ಞೆ ಇಲ್ಲದವರ ಬಾಯಿಗೆ ಹಾಕಿದ್ದು ಶ್ವಾಸಕೋಶಕ್ಕೆ ಇಳಿಯಬಹುದು. ಅದು ಹೀಟ್ ಸ್ಟ್ರೋಕ್. ಒಳಮೈ ಸಾಮಾನ್ಯವಾಗಿ 40 ಡಿಗ್ರಿ ಸೆಲ್ಸಿಯಸ್ ದಾಟಿರುತ್ತೆ. ಜ್ವರದ ಮಾತ್ರೆಗೂ ಅದು ಬಗ್ಗಲ್ಲ. ಮೈ ತಣ್ಣಗಾಗಬೇಕು, ಅಷ್ಟೇ.

ಹೇಗೆ? ಇಲ್ಲೇ ಇರೋದು ಇತಿಹಾಸ. 19ನೇ ಶತಮಾನದ ಮೊದಲ ಭಾಗದಲ್ಲಿ, ಅಂದರೆ ಕೊಳ್ಳೇಗಾಲ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಕಾಲದಲ್ಲಿ, ಇಂಡಿಯಾದ ಬ್ರಿಟಿಷ್ ಸೈನ್ಯದ ಡಾಕ್ಟರುಗಳು ಬಿಸಿಲಿಗೆ ಬಿದ್ದ ಸಿಪಾಯಿಯ ನರ ಕೊಯ್ದು ರಕ್ತ ಹರಿಸ್ತಿದ್ರು! ಬೆವತು ಒಣಗಿದ ಮೈಯಿಂದ ರಕ್ತವನ್ನೂ ತೆಗೆದರೆ ಏನಾಗುತ್ತೆ, ನೀವೇ ಊಹಿಸಿ. ಆಮೇಲೆ ತಣ್ಣೀರು ಸುರಿಯೋದು, ಐಸ್ ಉಜ್ಜೋದು ಬಂತು.

1980ರಲ್ಲಿ ಹೊಸ ವಾದ ಶುರು. ಮೆಕ್ಕಾ ಯಾತ್ರಿಗಳಿಗಾಗಿ ವೈನರ್ ಮತ್ತು ಖೋಗಲಿ ಎಂಬ ವಿಜ್ಞಾನಿಗಳು ಒಂದು ಹಾಸಿಗೆ ಮಾಡಿದರು. (ಪಿಲ್ಟ್‌ಡೌನ್ ತಲೆಬುರುಡೆಯ ಮೋಸ ಬಯಲಿಗೆಳೆದವರಲ್ಲಿ ಇದೇ ವೈನರ್ ಒಬ್ಬರು.) ಐಸ್ ಹಾಕಿದರೆ ಚರ್ಮದ ರಕ್ತನಾಳ ಮುದುಡುತ್ತೆ, ನಡುಕ ಬರುತ್ತೆ, ಶಾಖ ಒಳಗೇ ಉಳಿಯುತ್ತೆ ಅನ್ನೋದು ಅವರ ವಾದ. ಅದಕ್ಕೇ 15 ಡಿಗ್ರಿಯ ನೀರಿನ ತುಂತುರು, ಜೊತೆಗೆ 45 ಡಿಗ್ರಿಯ ಬಿಸಿಗಾಳಿ! ಕೇಳೋಕೆ ವಿಚಿತ್ರ, ಲೆಕ್ಕ ಸರಿ. ಚರ್ಮದ ಮೇಲೆ ಒಂದು ಲೀಟರ್ ನೀರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಶಾಖ ಹೊತ್ತೊಯ್ಯುತ್ತೆ. 60 ಕೆಜಿ ಮನುಷ್ಯನ ಮೈ ಮೂರು ಡಿಗ್ರಿ ಇಳಿಸಲು ಬೇಕಾಗೋದು ಹೆಚ್ಚುಕಡಿಮೆ 150. ತೊಡಕೇನಂದ್ರೆ, ಸುರಿದ ನೀರೆಲ್ಲ ಆವಿಯಾಗಲ್ಲ, ನೆಲಕ್ಕೆ ಹೋಗುತ್ತೆ. ಸೆಕೆ ಇದ್ದರಂತೂ ಆವಿ ಏಳೋದೇ ಇಲ್ಲ.

ಐಸ್ ವಿರುದ್ಧದ ವಾದಕ್ಕೆ ಉತ್ತರ ಸಿಕ್ಕಿದ್ದು ಅಮೆರಿಕದ ಫಾಲ್ಮೌತ್ ಓಟದಲ್ಲಿ. ಅಲ್ಲಿ ಬಿದ್ದವರನ್ನು ಗೆರೆಯ ಪಕ್ಕದಲ್ಲೇ ಐಸ್‌ನೀರಿನ ತೊಟ್ಟಿಯಲ್ಲಿ ಮುಳುಗಿಸ್ತಾರೆ, ತಲೆ ಮಾತ್ರ ಮೇಲೆ. 18 ವರ್ಷದಲ್ಲಿ 274 ಹೀಟ್ ಸ್ಟ್ರೋಕ್; ಎಲ್ಲರೂ ಬದುಕಿದರು. ರಕ್ತನಾಳ ಮುದುಡಿದರೂ ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಚೆನ್ನಾಗಿ ಶಾಖ ಸಾಗಿಸುತ್ತಲ್ಲ! 2024ರಲ್ಲಿ ದೆಹಲಿಯ ರಾಮ್ ಮನೋಹರ್ ಲೋಹಿಯಾ ಆಸ್ಪತ್ರೆಯೂ ಇಂಥ ತೊಟ್ಟಿ ಇಟ್ಟಿತು. ಅದೇ ವರ್ಷ ಹಜ್‌ನಲ್ಲಿ ಸತ್ತವರು 1,300ಕ್ಕೂ ಹೆಚ್ಚು. ಬಹುಪಾಲು ಅನುಮತಿ ಪತ್ರವಿಲ್ಲದೆ, ನೆರಳಿಲ್ಲದೆ ಬಿಸಿಲಲ್ಲಿ ನಡೆದವರು. ಒಳ್ಳೆಯ ಯಂತ್ರ ಇದ್ದರೆ ಸಾಲದು, ಬಿದ್ದ ಜಾಗಕ್ಕೆ ಅದು ತಲುಪಬೇಕು.

ಹಾಗಂತ ವಯಸ್ಸಾದ ಹೃದ್ರೋಗಿಯನ್ನ ದಾರಿಬದಿ ತೊಟ್ಟೀಲಿ ಕಣ್ಣುಮುಚ್ಚಿ ಮುಳುಗಿಸೋದು ಬೇಡ. ಅಂಥವರಿಗೆ ನೆರಳು, ಒದ್ದೆ ಬಟ್ಟೆ, ಜೋರು ಗಾಳಿ. ಕತ್ತು, ಕಂಕುಳು, ತೊಡೆಸಂದಿಗೆ ಐಸ್. ಹನೂರು ಕಡೆ ಬೇಸಿಗೆಯ ಒಣಗಾಳಿಗೆ ಇದು ಚೆನ್ನಾಗೇ ಕೆಲಸ ಮಾಡುತ್ತೆ. ಗಟ್ಟಿಮುಟ್ಟಾದ ಹುಡುಗ ನಡೆದು ಬಿದ್ದಿದ್ದರೆ ಟಾರ್ಪಾಲ್ ಸಾಕು: ನಾಲ್ಕು ಜನ ಅಂಚು ಎತ್ತಿ ಹಿಡಿದು ಐಸ್‌ನೀರು ತುಂಬಿಸಿ, ಮೂಗು-ಬಾಯಿ ಮೇಲಿಟ್ಟು ಅಲ್ಲಾಡಿಸೋದು. 108ಕ್ಕೆ ಫೋನ್ ಮಾಡಿ, ಆದರೆ ಕಾಯ್ತಾ ಕೂರಬೇಡಿ. ಹನೂರಿಂದ ಕೊಳ್ಳೇಗಾಲಕ್ಕೇ ಸುಮಾರು 25 ಕಿಲೋಮೀಟರ್. ಬೆಟ್ಟದ ಪ್ರಾಧಿಕಾರದವರು ಮುಂದಿನ ಜಾತ್ರೆಗೆ ಪ್ರತಿ ಪೆಂಡಾಲ್‌ಗೆ ಒಂದು ಡ್ರಮ್ ನೀರು, ಎರಡು ಚೀಲ ಐಸ್, ಒಂದು ಟಾರ್ಪಾಲ್ ಇಡಿಸೋಕೆ ಎಷ್ಟು ಖರ್ಚಾಗುತ್ತೆ?